ಅಜ್ಜಿಯ ಕೈ ಮತ್ತು ಮೂರನೇ ಪಿನ್ನು

ನೀವು ನಂಬುವುದಿಲ್ಲ ಬಿಡಿ. ಕಳೆದ ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಯ ಯುಟಿಲಿಟಿಯಲ್ಲಿ ನಾನು ರಾಕೆಟ್ಟಿನ ಹಾಗೆ ಮೇಲಕ್ಕೆ ಹಾರಿದೆ. ಎಷ್ಟು ಮೇಲೆ ಎಂದರೆ ಗ್ರಿಲ್ಲಿನಾಚೆ ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ ಕಾಣಿಸಿತು. (ಅಡುಗೆಮನೆಯಿಂದ ನೋಡಿದ ಅಜ್ಜಿಯ ಪ್ರಕಾರ ಎರಡು ಇಂಚು. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಅವಳ ಅಳತೆ ನಂಬಬೇಡಿ.)

ಹಾರಿಸಿದ್ದು ನಮ್ಮ ವಾಷಿಂಗ್ ಮಿಷಿನ್.

ಕತೆ ಶುರುವಾಗಿದ್ದು ಒಂದೂವರೆ ತಿಂಗಳ ಹಿಂದೆ. ಶುರು ಮಾಡಿದ ಮಹಾನುಭಾವ ಯಾರು ಎಂದು ಈ ಅಂಕಣದ ಓದುಗರಿಗೆ ಆಗಲೇ ಅನುಮಾನ ಬಂದಿರುತ್ತದೆ. ನೀವು ಬುದ್ಧಿವಂತರು.

ನಮ್ಮ ಯುಟಿಲಿಟಿ ಎಂದರೆ ಇಬ್ಬರು ನಿಂತರೆ ಮೂರನೆಯವರು ಉಸಿರಾಡಲು ಹೊರಗೆ ಹೋಗಬೇಕಾದ ಜಾಗ. ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ವಯಸ್ಸಿನಲ್ಲಿ ನನಗಿಂತ ಸೀನಿಯರ್ ಆದ ಸೆಮಿ ಆಟೋಮ್ಯಾಟಿಕ್ ಮಿಷಿನ್. ಅಲ್ಲಿನ ನೆಲ ಒಣಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನಲ್ಲಿಯ ನೀರು ಸಿಡಿದು ಸಿಡಿದು ಗೋಡೆಯ ಸಾಕೆಟ್ ಒಂದು ದಿನ ಸತ್ತೇಹೋಯಿತು. ಅಮ್ಮ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಲು ಹೊರಟಳು. ಫಸ್ಟ್ ಪಿಯುಸಿ ಸೈನ್ಸ್ ಓದುವ ಮಗ ಮನೆಯಲ್ಲೇ ಇರುವಾಗ? ಅವಮಾನ ಅಲ್ಲವೇ?

ಅಡುಗೆಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದೆ. ಬಾಕ್ಸಿಗೆ ಎರಡೇ ತೂತು, ಮಿಷಿನ್ನಿನ ಪ್ಲಗ್ಗಿಗೆ ಮೂರು ಪಿನ್ನು. ಒಂದು ನಿಮಿಷ ಯೋಚಿಸಿದೆ. (ಸುಳ್ಳು. ಯೋಚಿಸಲಿಲ್ಲ.) ಕಟಿಂಗ್ ಪ್ಲೇಯರ್ ತಂದು ಮೇಲಿನ ದಪ್ಪ ಪಿನ್ನನ್ನು ತಿರುಚಿ ಕಿತ್ತೆ. ಪ್ಲಗ್ ಹಾಕಿದೆ. ಮಿಷಿನ್ ಗರ್ರ್ ಎಂದಿತು.

“ಆ ಪಿನ್ ಬೇಡ್ವೇನೋ?” ಅಮ್ಮ ಕೇಳಿದಳು.

“ಅದು ಶೋಗೆ ಅಷ್ಟೇ ಅಮ್ಮ. ಕರೆಂಟ್ ಬರೋದು ಈ ಎರಡರಲ್ಲೇ.”

ಸಂಜೆಯೊಳಗೆ ನಮ್ಮ ಕ್ರಾಸಿನ ಆಂಟಿಯರಿಗೆಲ್ಲ ಸುದ್ದಿ ಮುಟ್ಟಿತು. “ನಮ್ಮನೇಗೆ ಎಲೆಕ್ಟ್ರಿಷಿಯನ್ನೇ ಬೇಡ ಕಣ್ರೀ, ಮಗನೇ ಎಲ್ಲಾ ಮಾಡ್ತಾನೆ.” ನಾನು ಎರಡು ದಿನ ಕಿವಿಗೆ ಟೆಸ್ಟರ್ ಸಿಕ್ಕಿಸಿಕೊಂಡೇ ಓಡಾಡಿದೆ.

ಅದಾದ ಸ್ವಲ್ಪ ದಿನಕ್ಕೆ ಅಜ್ಜಿ ತನ್ನ ಕೈ ಜುಮ್ಮೆನ್ನುತ್ತದೆ ಎಂದಳು.

ಅಜ್ಜಿ ಅಪ್ಪನ ಅಮ್ಮ, ದಾವಣಗೆರೆ ಕಡೆಯವಳು. ಬೆಳಿಗ್ಗೆ ಸ್ನಾನ ಮಾಡಿ, ತನ್ನ ಮಡಿ ಸೀರೆಯನ್ನು ಯುಟಿಲಿಟಿಯ ಕಲ್ಲಿನ ಮೇಲೆ ತಾನೇ ಒಗೆದು ಹಿಂಡುತ್ತಾಳೆ. ನಮ್ಮ ಜೀನ್ಸು, ಸಾಕ್ಸು ಸುತ್ತುವ ಮಿಷಿನ್ನಿಗೆ ಆ ಸೀರೆ ಹಾಕುವ ಮಾತೇ ಇಲ್ಲ. ಪೂಜೆ ಮುಗಿಯುವವರೆಗೆ ಕಾಲಿಗೆ ಚಪ್ಪಲಿಯೂ ಇಲ್ಲ. ಹಿಂಡಿ ಏಳುವಾಗ ಮಾತ್ರ ಆಸರೆಗೆ ಓಡುತ್ತಿರುವ ಮಿಷಿನ್ನಿನ ಮೇಲೆ ಒಂದು ಕ್ಷಣ ಕೈ ಇಡುತ್ತಾಳೆ.

“ಆ ಮಿಷಿನ್ ಮುಟ್ಟಿದ್ರೆ ಕೈಯಾಗೆ ಇರುವೆ ಹರಿದಂಗೆ ಆಗ್ತೈತಪ್ಪಾ” ಎಂದಳು.

ನಾವು ಅಸಡ್ಡೆ ಮಾಡಲಿಲ್ಲ, ಖಂಡಿತ ಇಲ್ಲ. ಅಪ್ಪ ಹೋಗಿ ಮುಟ್ಟಿ ನೋಡಿದರು. ಅಮ್ಮ ನೋಡಿದಳು. ಮನೆಯ ಅಧಿಕೃತ ಎಲೆಕ್ಟ್ರಿಷಿಯನ್ ಆಗಿ ನಾನು ಎರಡೂ ಕೈಯಲ್ಲಿ ಮಿಷಿನ್ನನ್ನು ತಬ್ಬಿಕೊಂಡೇ ನೋಡಿದೆ. ಯಾರಿಗೂ ಏನೂ ಆಗಲಿಲ್ಲ.

“ಅವ್ವಾ, ಎಪ್ಪತ್ನಾಲ್ಕು ಆಯ್ತಲ್ಲ. ನರ ವೀಕ್ ಆಗಿರುತ್ತೆ” ಎಂದರು ಅಪ್ಪ.

ವಿಜಯನಗರದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಆಯಿತು, ಕೆಂಪು ಮಾತ್ರೆ ಬಂತು. ಕೆಂಪು ಮಾತ್ರೆಗೂ ಇರುವೆ ಹೋಗದಿದ್ದಾಗ ಉದ್ದನೆಯ ಹಳದಿ ಮಾತ್ರೆ ಬಂತು.

ಇಲ್ಲಿಯವರೆಗೆ ನಗು ಬಂದಿದ್ದರೆ ನಗಿ. ನಾನೂ ನಕ್ಕಿದ್ದೆ. ‘ಅಜ್ಜಿ ಈಗ ವೈಬ್ರೇಷನ್ ಮೋಡ್’ ಎಂದು ಫ್ರೆಂಡ್ಸ್ ಗ್ರೂಪಿನಲ್ಲಿ ಹಾಕಿ ಹತ್ತೊಂಬತ್ತು ನಗುವ ಮುಖ ಗಿಟ್ಟಿಸಿದ್ದೆ.

ಆಮೇಲೆ ಅಜ್ಜಿ ತನ್ನ ಕೈಯನ್ನೇ ನಂಬುವುದನ್ನು ಬಿಟ್ಟಳು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದಳು. ಎದುರುಮನೆ ಅಕ್ಕ ಮೂರು ತಿಂಗಳ ಕೂಸನ್ನು ತಂದು “ಎತ್ಕೊಳ್ಳಿ ಅಜ್ಜಿ” ಎಂದರೆ, ಸೆರಗಿನೊಳಗೆ ಕೈ ಮುಚ್ಚಿಕೊಂಡು “ಬ್ಯಾಡವ್ವ, ಬಿಟ್ಟುಗಿಟ್ಟೇನು” ಎಂದಳು. ದೇವರ ದೀಪ ಹಚ್ಚುವುದನ್ನೂ ಅಪ್ಪ ನಿಲ್ಲಿಸಿದರು. ಕೈ ನಡುಗಿ ಸೀರೆಗೆ ಬೆಂಕಿ ತಾಗಿದರೆ? ಅದೂ ಪ್ರೀತಿಯಿಂದಲೇ ಹೇಳಿದ್ದು. ಅಜ್ಜಿ ಬೆಂಕಿಪೊಟ್ಟಣವನ್ನು ಅಮ್ಮನ ಕೈಗೆ ಕೊಟ್ಟಳು. ಯುಟಿಲಿಟಿಗೆ ಹೋಗುವುದನ್ನೂ ಬಿಟ್ಟಳು.

ಈಗ ಭಾನುವಾರಕ್ಕೆ ಬರೋಣ. ಅಪ್ಪ ಅಮ್ಮ ಕೆಂಗೇರಿಗೆ ಗೃಹಪ್ರವೇಶಕ್ಕೆ ಹೋಗಿದ್ದರು. ಮಿಷಿನ್ ಸುತ್ತುತ್ತಿತ್ತು. ಹತ್ತು ಗಂಟೆಯ ಮ್ಯಾಚಿಗೆ ಜೆರ್ಸಿ ಬೇಕು ಎಂದು ನಾನು ಓಡಿದೆ. ಯುಟಿಲಿಟಿ ಬಾಗಿಲಲ್ಲಿ ನನ್ನ ಹವಾಯಿ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಒದರಿ ಬಿಸಾಡಿ, ಬರಿಗಾಲಲ್ಲಿ ಒದ್ದೆ ನೆಲಕ್ಕೆ ಕಾಲಿಟ್ಟು, ಮಿಷಿನ್ನಿನ ಅಂಚು ಹಿಡಿದೆ.

ನಾಯಂಡಹಳ್ಳಿ ಕಾಣಿಸಿತು.

ಕೆಳಗೆ ಬಂದವನು ಮೊದಲು ಅಡುಗೆಮನೆಗೆ ಓಡಿ ಸ್ವಿಚ್ ಆಫ್ ಮಾಡಿದೆ. ಆಮೇಲೆ ನನ್ನ ಕಾಲು ನೋಡಿಕೊಂಡೆ, ಅಜ್ಜಿಯ ಕಾಲು ನೋಡಿದೆ. ಮಿಷಿನ್ ಮುಟ್ಟಿ ಪರೀಕ್ಷೆ ಮಾಡಿದ ನಾವು ಮೂವರೂ ರಬ್ಬರ್ ಚಪ್ಪಲಿಯಲ್ಲಿ ನಿಂತಿದ್ದೆವು. ಇಷ್ಟೆಲ್ಲ ರಕ್ತ ತೆಗೆಸುವ ಬದಲು ಒಬ್ಬರಾದರೂ ಅಜ್ಜಿ ನಿಲ್ಲುವ ಹಾಗೆ ನಿಂತು ನೋಡಬಹುದಿತ್ತಲ್ಲ?

ಬಾಪೂಜಿ ನಗರದ ಬಾಷಾ ಅಣ್ಣನನ್ನು ಕರೆಸಿದೆ. ಎಲೆಕ್ಟ್ರಿಷಿಯನ್. ಅವರು ಪ್ಲಗ್ ಎತ್ತಿ ಹಿಡಿದು, ದೇವಸ್ಥಾನದಲ್ಲಿ ಮುರಿದ ವಿಗ್ರಹ ನೋಡಿದವರ ಹಾಗೆ ನೋಡಿದರು.

“ಯಾರಪ್ಪಾ ಈ ಕಲಾವಿದ?”

ನಾನು ಜೆರ್ಸಿ ಹಿಂಡತೊಡಗಿದೆ.

ಮಿಷಿನ್ನಿನ ಹಿಂಬದಿ ಬಿಚ್ಚಿದರು. ಒಳಗಿನ ಪೈಪು ಸೀಳಿ, ತೊಟ್ಟು ತೊಟ್ಟು ನೀರು ಒಂದು ಸವೆದ ವೈರಿನ ಮೇಲೆ ಬೀಳುತ್ತಿತ್ತು.

“ನೋಡು ಗುರು, ಹಿಂಗೆ ಲೀಕ್ ಆದ ಕರೆಂಟ್ ಸೀದಾ ಭೂಮಿಗೆ ಹೋಗ್ಲಿ ಅಂತಾನೇ ಆ ದಪ್ಪ ಪಿನ್ ಇಟ್ಟಿರೋದು. ನೀನು ಆ ದಾರಿ ಕಿತ್ತಾಕ್ದೆ. ಈಗ ದಾರಿ ಯಾವ್ದು ಗೊತ್ತಾ?” ಸ್ಕ್ರೂಡ್ರೈವರ್ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿತು. “ಇವ್ರು. ಒದ್ದೆ ನೆಲ, ಬರಿಗಾಲು. ಇಷ್ಟು ದಿನ ಬರೀ ಜುಮ್ ಅಂದಿದೆ. ಆ ವೈರ್ ಇನ್ನೊಂಚೂರು ಬಿಚ್ಕೊಂಡಿದ್ರೆ ಜುಮ್ ಅಂತ ಹೇಳಕ್ಕೂ ಅಜ್ಜಿ ಇರ್ತಿರ್ಲಿಲ್ಲ ಮಗಾ.”

ಓದುಗರೇ, ಜೋಕ್ ಮಾಡುವುದು ನನ್ನ ಕೆಲಸ. ಆ ಮಾತಿಗೆ ಜೋಕ್ ಹುಡುಕಿದೆ, ಸಿಗಲಿಲ್ಲ.

ಬಾಷಾ ಅಣ್ಣ ಪೈಪು, ವೈರು ಬದಲಿಸಿದರು. ಹೊಸ ಮೂರು ಪಿನ್ನಿನ ಪ್ಲಗ್ ಹಾಕಿದರು. ಸಾಕೆಟ್ಟನ್ನು ನಲ್ಲಿಯಿಂದ ದೂರ, ನೀರು ಸಿಡಿಯದಷ್ಟು ಮೇಲಕ್ಕೆ ಏರಿಸಿದರು. ಅರ್ತ್ ಚೆಕ್ ಮಾಡಿ, ಮಿಷಿನ್ ಆನ್ ಮಾಡಿ, ಟೆಸ್ಟರ್ ಇಟ್ಟರು. ಟೆಸ್ಟರ್ ದೀಪ ಹತ್ತಲಿಲ್ಲ. ತಾವೇ ಬರಿಗಾಲಲ್ಲಿ ನಿಂತು ಮುಟ್ಟಿದರು.

“ಬನ್ನಿ ಅಜ್ಜಿ, ಈಗ ನೀವು ಮುಟ್ಟಿ.”

ಅಜ್ಜಿ ಮೊದಲು ಒಂದು ಬೆರಳು ಇಟ್ಟಳು. ಆಮೇಲೆ ಅಂಗೈ. ಆಮೇಲೆ ಎರಡೂ ಕೈ. ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರೋ ಕಡ ಒಯ್ದು ವಾಪಸ್ ಕೊಟ್ಟ ಪಾತ್ರೆಯನ್ನು ನೋಡುವ ಹಾಗೆ.

“ನನ್ ಕೈ ಚೆನ್ನಾಗೈತಲ್ಲೋ!”

ನಾನು ಅವಳನ್ನು ಪಕ್ಕಕ್ಕೆ ಕರೆದೆ. ಅಪ್ಪ ಇನ್ನೇನು ಬರುವ ಹೊತ್ತು. “ಅಜ್ಜಿ, ಪ್ಲೀಸ್. ಹಳದಿ ಮಾತ್ರೆಯಿಂದ ವಾಸಿ ಆಯ್ತು ಅಂತ ಹೇಳಿಬಿಡು. ಪಿನ್ ವಿಷ್ಯ ಬೇಡ. ನಿನ್ನ ಕೈ ಸರಿ ಆಯ್ತಲ್ಲ, ಸಾಕಲ್ವಾ?”

ಅಜ್ಜಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ಹಂಗಂದ್ರೆ ನನ್ ಕೈ ಕೆಟ್ಟಿತ್ತು ಅಂತ ನಾನೇ ಒಪ್ಕೊಂಡಂಗೆ ಆಗ್ತೈತಲ್ಲೋ ತಮ್ಮಾ. ನಾಳೆ ದೀಪ ಹಚ್ಚಾಕೆ ಬಿಡ್ತಾನಾ ನಿಮ್ಮಪ್ಪ?”

ಗೇಟು ಕಿರ್ ಎಂದಿತು. ಅಮ್ಮನಿಗಿಂತ ಮೊದಲು ಅಪ್ಪ ಒಳಗೆ ಬಂದರು, ಕೈಯಲ್ಲಿ ಗೃಹಪ್ರವೇಶದಲ್ಲಿ ಯಾರೋ ಬರೆದುಕೊಟ್ಟ ನರಗಳ ದೊಡ್ಡ ಆಸ್ಪತ್ರೆಯ ವಿಳಾಸದ ಚೀಟಿ. ಬಾಷಾ ಅಣ್ಣನನ್ನು ನೋಡಿದರು, ಬಿಚ್ಚಿ ಹಾಕಿದ ಹಳೇ ಪ್ಲಗ್ ನೋಡಿದರು, ನನ್ನನ್ನು ನೋಡಿದರು.

“ಏನ್ ನಡೀತಾ ಇದೆ ಇಲ್ಲಿ?”

ನನ್ನ ಹತ್ತಿರ ಮೂರು ಒಳ್ಳೆಯ ಸುಳ್ಳು ರೆಡಿ ಇದ್ದವು. “ಅಜ್ಜಿ ಕೈಗೆ ಏನೂ ಆಗಿಲ್ಲ ಅಪ್ಪ. ಮಿಷಿನ್ನಲ್ಲಿ ಶಾಕ್ ಹೊಡೀತಿತ್ತು. ಅರ್ತ್ ಪಿನ್ ಕಿತ್ತಿದ್ದು ನಾನು” ಎಂದೆ.

ನನ್ನ ಎಲೆಕ್ಟ್ರಿಷಿಯನ್ ವೃತ್ತಿ ಅಲ್ಲಿಗೆ ಮುಗಿಯಿತು. ಅಪ್ಪ ಬೀಸಿದ ಕೈ ಮಾತ್ರ ಅರ್ಧಕ್ಕೇ ನಿಂತಿತು. ಅವರು ಅಜ್ಜಿಯ ಕಡೆ ತಿರುಗಿದರು.

“ಅವ್ವಾ, ನನಗೆ ಹೇಳ್ಬಾರ್ದಿತ್ತಾ?”

“ಮೊದಲ್ನೇ ದಿನಾನೇ ಹೇಳಿದ್ನಲ್ಲಪ್ಪಾ” ಎಂದಳು ಅಜ್ಜಿ. “ಮಿಷಿನ್ ಮುಟ್ಟಿದ್ರೆ ಅಂದಿದ್ದೆ. ನೀವು ಡಾಕ್ಟ್ರಿಗೆ ತೋರ್ಸಿದ್ದು ಯಾವ್ದನ್ನ?”