ಒಂದೇ ಹನ್ನೊಂದಕ್ಕೆ ಇಬ್ಬರು

ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾದ ಮನುಷ್ಯ ಸುಳ್ಳು ಹೇಳುತ್ತಾನೆಂದು ಯಾರು ತಾನೇ ಎಣಿಸುತ್ತಾರೆ? ಜಾವಾದ ಕ್ಲಾತೆನ್ ಪಟ್ಟಣದ ನಮ್ಮ ಓಣಿಯಲ್ಲಂತೂ ಯಾರೂ ಎಣಿಸಿರಲಿಲ್ಲ. ಪಾಕ್ ಪೊನಿರಾನ್, ಅಂದರೆ ಪೊನಿರಾನ್ ಯಜಮಾನರು, ಗೇಟು ಇಳಿಸಿದರೆಂದರೆ ರೈಲು ಬಂದೇ ಬರುತ್ತಿತ್ತು. ನಿವೃತ್ತಿಯಾದ ಮೇಲೂ ಹಲ್ಲುಜ್ಜುವುದಕ್ಕೆ, ಗಿಡಕ್ಕೆ ನೀರು ಹಾಕುವುದಕ್ಕೆ, ತೀರಿಕೊಂಡ ಹೆಂಡತಿಯ ಪಟದ ಧೂಳು ಒರೆಸುವುದಕ್ಕೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದರು. ಮಕ್ಕಳಿಲ್ಲ. ಒಂಬತ್ತು ವರ್ಷದಿಂದ ಒಬ್ಬರೇ ಅನ್ನ ಮಾಡಿಕೊಂಡು, ಒಬ್ಬರೇ ಉಂಡು, ಒಂದೇ ತಟ್ಟೆ ತೊಳೆದಿಡುತ್ತಿದ್ದರು.

ನಾನು ಓಣಿಯ ಕಾರ್ಯದರ್ಶಿ. ಸಂಬಳವಿಲ್ಲ, ಬೈಗುಳ ಧಾರಾಳ. ಎಲ್ಲರೂ ನನ್ನನ್ನು ಪಾಕ್ ಚಾರಿಕ್, ಕಾರ್ಯದರ್ಶಿ ಯಜಮಾನರು ಎನ್ನುತ್ತಾರೆ, ಕೆಲಸವಿದ್ದಾಗ ಮಾತ್ರ.

ನಮ್ಮ ಮೂವತ್ತನಾಲ್ಕು ಮನೆಗೂ ಸೇರಿ ಒಂದೇ ಇಂಟರ್ನೆಟ್ ಲೈನು. ಅದು ಕಾವಲು ಕಟ್ಟೆಯ ಮೇಲಿನ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ತಂತಿಗಳು ಮಾವಿನ ಕೊಂಬೆ, ಬಟ್ಟೆ ಒಣಗಿಸುವ ಹಗ್ಗ, ಪಾರಿವಾಳದ ಗೂಡು ಹಾಯ್ದು ಮನೆಮನೆಗೆ ಹೋಗುತ್ತವೆ. ಪ್ರತಿ ಕಂಪ್ಯೂಟರಿಗೂ ಒಂದೊಂದು ಐಪಿ ನಂಬರನ್ನು ಆ ಪೆಟ್ಟಿಗೆಯೇ ಹಂಚುತ್ತಿತ್ತು. ಕರೆಂಟು ಹೋಗಿ ಬಂತೋ, ಹಂಚಿದ್ದೆಲ್ಲ ಮರೆತು ಕಲಸುಮೇಲೋಗರ ಮಾಡುತ್ತಿತ್ತು. ಕೊನೆಗೆ ಬು ರೆತ್ನೋ, ಅಂದರೆ ರೆತ್ನೋ ಅಮ್ಮ, ಸಭೆ ಕರೆಸಿದಳು. ತಂತಿ ಎಳೆದವಳು ಅವಳೇ. ರೇಡಿಯೋ ರಿಪೇರಿಯಲ್ಲಿ ಮೂವರು ಗಂಡಸರ ಅಂಗಡಿ ಮುಚ್ಚಿಸಿದ ಗಟ್ಟಿಗಿತ್ತಿ.

"ಇನ್ಮೇಲೆ ಪೆಟ್ಟಿಗೆ ಹಂಚೋದು ಬೇಡ. ಅವರವರ ಕಂಪ್ಯೂಟರಲ್ಲಿ ಕಾಯಂ ನಂಬರ್ ಕೈಯಾರೆ ಬರೆದುಬಿಡೋಣ. ನಾಲ್ಕು ಅಂಕಿ ಇರ್ತವೆ. ಮೊದಲಿನ ಮೂರು ಎಲ್ರಿಗೂ ಒಂದೇ. ಕೊನೇದು ಮಾತ್ರ ಎರಡರಿಂದ ಇನ್ನೂರೈವತ್ನಾಲ್ಕರ ಒಳಗೆ ಯಾವುದಾದ್ರೂ ಆರಿಸ್ಕೊಳ್ಳಿ. ಒಂದೇ ನಂಬರ್ ಇಬ್ರು ಹಾಕ್ಕೊಂಡ್ರೆ ಮಾತ್ರ ಇಬ್ರಿಗೂ ತಾಪತ್ರಯ. ಒಬ್ರು ಇನ್ನೊಬ್ರನ್ನ ಕೇಳಿ, ಅವರು ಕಂಪ್ಯೂಟರ್ ಆಫ್ ಮಾಡೋ ತನಕ ಕಾಯ್ಬೇಕು."

ಆರಿಸ್ಕೊಳ್ಳಿ ಅಂದದ್ದೇ ತಪ್ಪಾಯಿತು. ಜಾವಾದಲ್ಲಿ ಹುಟ್ಟಿದವನಿಗೆ ಅಂಕಿ ಆರಿಸಿಕೋ ಎಂದರೆ ಅವನು ತಾನು ಹುಟ್ಟಿದ ದಿನದ ಲೆಕ್ಕ ತೆಗೆಯುತ್ತಾನೆ. ನಮಗೆ ಏಳು ವಾರ ಸಾಲದೆಂದು ಹಿರಿಯರು ಐದು ಸಂತೆದಿನಗಳನ್ನೂ ಇಟ್ಟು ಹೋಗಿದ್ದಾರೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ವಾರಕ್ಕೊಂದು ಅಂಕಿ, ಸಂತೆಗೊಂದು ಅಂಕಿ, ಎರಡೂ ಕೂಡಿದರೆ ಆಸಾಮಿಯ ಹುಟ್ಟಂಕಿ. ಮದುವೆಗೂ ಅದೇ, ಮನೆ ಕಟ್ಟುವುದಕ್ಕೂ ಅದೇ. ಅಂದ ಮೇಲೆ ಕಂಪ್ಯೂಟರ್ ಏನು ಬಿಟ್ಟಿ ಬಿದ್ದಿದೆಯೇ? ತೊಂದರೆಯೆಂದರೆ, ಈ ಹುಟ್ಟಂಕಿ ಏಳಕ್ಕಿಂತ ಕೆಳಗಿಳಿಯುವುದಿಲ್ಲ, ಹದಿನೆಂಟರ ಮೇಲೆ ಹತ್ತುವುದಿಲ್ಲ. ಇನ್ನೂರಕ್ಕೂ ಹೆಚ್ಚು ನಂಬರುಗಳು ದಿಕ್ಕಿಲ್ಲದೆ ಬಿದ್ದಿರುವಾಗ ಮೂವತ್ತನಾಲ್ಕು ಮನೆಯವರೂ ಹನ್ನೆರಡು ನಂಬರಿಗೆ ಮುಗಿಬಿದ್ದರು.

"ಖಾಲಿ ಬಸ್ಸಲ್ಲಿ ಎಲ್ರಿಗೂ ಡ್ರೈವರ್ ಸೀಟೇ ಬೇಕು ಅಂದ್ರೆ ಹೇಗ್ರೀ?" ಎಂದು ರೆತ್ನೋ ತಲೆ ಚಚ್ಚಿಕೊಂಡಳು.

ಮೊದಲು ಹೆಸರು ಬರೆಸಿದವರಿಗೆ ಹುಟ್ಟಂಕಿ, ತಡವಾದವರು ಅದಕ್ಕೆ ನೂರೋ ಇನ್ನೂರೋ ಸೇರಿಸಿಕೊಳ್ಳಬೇಕು ಎಂದು ನಾನು ತೀರ್ಪು ಕೊಟ್ಟೆ. ಹದಿನಾಲ್ಕರವನಾದ ನಾನೇ ನೂರ ಹದಿನಾಲ್ಕಕ್ಕೆ ಹೋದೆ, ಮೇಲ್ಪಂಕ್ತಿಯಾಗಲಿ ಎಂದು. ಹನ್ನೊಂದನ್ನು ಎಲ್ಲರಿಗಿಂತ ಮೊದಲು ಬರೆಸಿದವಳು ಬು ಲೆಗಿಯೆಂ. ಪೊನಿರಾನರ ಪಕ್ಕದ ಮನೆಯ ವಿಧವೆ, ಅಕ್ಕಿ ಸಂಡಿಗೆ ಕರಿದು ಮಾರುವವಳು, ಬಾಯಿ ಅವಳ ಬಾಣಲೆಯಷ್ಟೇ ಬಿಸಿ. ಹುಟ್ಟಿದ್ದು ಶುಕ್ರವಾರ ಲೆಗಿ, ಆರಕ್ಕೆ ಐದು ಸೇರಿ ಹನ್ನೊಂದು. ಇದು ಓಣಿಗೆಲ್ಲ ಗೊತ್ತು. ಮೂವತ್ತೈದು ದಿನಕ್ಕೊಮ್ಮೆ ಶುಕ್ರವಾರವೂ ಲೆಗಿಯೂ ಕೂಡಿ ಬಂದಾಗ ಅವಳು ತನ್ನ ಹುಟ್ಟುದಿನದ ಕೆಂಪು-ಬಿಳಿ ಗಂಜಿ ಮಾಡಿ ಮನೆಮನೆಗೆ ಹಂಚುತ್ತಾಳೆ. ಕೆಂಪು ಬೆಲ್ಲದ್ದು, ಬಿಳಿ ತೆಂಗಿನಹಾಲಿನದ್ದು.

ಒಂದು ವಾರ ಕಳೆದು ಪೊನಿರಾನ್ ಹಳೆಯ ಕಂಪ್ಯೂಟರೊಂದನ್ನು ಸೈಕಲ್ ಮೇಲೆ ಕಟ್ಟಿಕೊಂಡು ತಂದರು. ನಂಬರ್ ಕೂರಿಸುವ ದಿನ ರೆತ್ನೋ ಜೊತೆಗೆ ನಾನೂ ಹೋದೆ. ಪುಣ್ಯಾತ್ಮ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಗೇಟಿನ ಟೋಪಿ ಹಾಕಿ, ಕಂಪ್ಯೂಟರಿನ ಮುಂದೆ ಒಂದು ಲೋಟ ಕರಿ ಕಾಫಿ ನೈವೇದ್ಯ ಇಟ್ಟು ಕೂತಿದ್ದರು. ರೆತ್ನೋ ಸೆಟ್ಟಿಂಗ್ ತೆರೆದು, 'ತಾನಾಗಿ' ಎಂಬುದನ್ನು ತೆಗೆದು 'ಕೈಯಾರೆ' ಎಂಬುದಕ್ಕೆ ಹಾಕಿದಳು. ನಾಲ್ಕು ಅಂಕಿಯ ಖಾನೆ ಬಂತು. ಪೊನಿರಾನ್ ಒಂದೊಂದು ಅಂಕಿಗೂ ಪರದೆಯತ್ತ ತೋರುಬೆರಳು ಚಾಚಿ, ಸಿಗ್ನಲ್ ಒಪ್ಪಿಸುವಂತೆ ಗಟ್ಟಿಯಾಗಿ ಕೂಗಿ, ಆಮೇಲೆ ಒತ್ತಿದರು.

"ನೂರ ತೊಂಬತ್ತೆರಡು, ಸರಿ! ನೂರ ಅರವತ್ತೆಂಟು, ಸರಿ! ಒಂದು, ಸರಿ! ಹನ್ನೊಂದು, ಸ..."

"ನಿಲ್ಲಿಸ್ರೀ! ಹನ್ನೊಂದು ಬು ಲೆಗಿಯೆಂ ಅವರದು," ಎಂದಳು ರೆತ್ನೋ.

"ನಂದೂ ಹನ್ನೊಂದೇ. ಸೋಮವಾರ ಪೊನ್. ನಾಲ್ಕು, ಏಳು, ಹನ್ನೊಂದು. ಹೆಸರೇ ಪೊನಿರಾನ್ ಅಲ್ವಾ?"

"ನೂರ ಹನ್ನೊಂದು ಹಾಕ್ಕೊಳ್ಳಿ, ಪಾಕ್."

"ಮೂವತ್ತೊಂದು ವರ್ಷ ನನ್ನ ಗೇಟಿನ ನಂಬರ್‌ಗೆ ಯಾರೂ ನೂರು ಸೇರಿಸ್ಲಿಲ್ಲಮ್ಮ."

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ರೆತ್ನೋ ಕೈ ಮುಗಿದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಲೆಗಿಯೆಂ ಸಂಡಿಗೆಯ ಆರ್ಡರ್ ನೋಡಲು ಕಂಪ್ಯೂಟರ್ ಹಚ್ಚಿದಳು. ಹತ್ತೂ ಐದಕ್ಕೆ ಸರಿಯಾಗಿ ಪೊನಿರಾನ್ ತಮ್ಮದನ್ನು ಹಚ್ಚಿದರು. ಒಂದೇ ಒರೆಯಲ್ಲಿ ಎರಡು ಕತ್ತಿ ತುರುಕಿದಂತಾಯಿತು. ಇಬ್ಬರ ಪರದೆಯ ಮೇಲೂ ಎಚ್ಚರಿಕೆ ಬಂದು ಲೈನು ಸತ್ತಿತು. ಲೆಗಿಯೆಂ ಹಿತ್ತಿಲಿಗೆ ಬಂದು, ಕಳ್ಳರು ಬಂದರೆ ಬಡಿಯುವ ಟೊಳ್ಳು ಬಿದಿರಿನ ಗಂಟೆಯನ್ನು ಟೊಕ್ ಟೊಕ್ ಬಡಿದಳು.

"ಪಾಕ್ ಪೊನಿರಾನ್! ಇಳಿಸ್ರೀ ನಿಮ್ಮ ಗೇಟು! ನನ್ನ ಗಿರಾಕಿಗಳು ಆಚೆ ಕಾಯ್ತಾ ನಿಂತಿದ್ದಾರೆ!"

"ಗೇಟು ಇಳಿಸಿದ್ರೆ ತಾನೇ ಕಾಯ್ತಾ ನಿಲ್ಲೋದು, ಬು? ಎತ್ತಿ ಅನ್ಬೇಕು."

"ಎತ್ತೋದೋ ಇಳಿಸೋದೋ, ಸಾಯ್ಲಿ! ಕಂಪ್ಯೂಟರ್ ಆರಿಸ್ರೀ!"

ಪೊನಿರಾನ್ ಆರಿಸಿ, ಗೋಡೆಯ ಬಳಿ ಬಂದು ಕ್ಷಮೆ ಕೇಳಿದರು. ಅವಳು ಕಾಲು ಗಂಟೆ ಬೈದಳು. ಮರುದಿನ ಹತ್ತೂ ಐದಕ್ಕೆ ಮತ್ತೆ ಅದೇ. ಎಂಟು ತಿಂಗಳು, ದಿನಾ ಅದೇ. ರೈಲಾದರೂ ಒಂದೊಂದು ದಿನ ತಡವಾಗುತ್ತಿತ್ತು, ಈ ಜಗಳ ತಡವಾಗಲಿಲ್ಲ. ನಾನು ರಾಜಿ ಮಾಡಿಸಲು ಮೂರು ಸಲ ಹೋಗಿ ಇಬ್ಬರಿಂದಲೂ ಬೈಸಿಕೊಂಡು ಬಂದೆ. ನಿಜ ಹೇಳುತ್ತೇನೆ, ನನಗೆ ಆ ಮನುಷ್ಯನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಬಾಳಿ ಬದುಕಿದ ಹೆಂಗಸಿನ ದುಡಿಮೆಗೆ ಅಡ್ಡಗಾಲು ಹಾಕುವುದೆಂದರೇನು?

ಕಣ್ಣು ತೆರೆಸಿದವಳು ನನ್ನ ಹೆಂಡತಿ. ಒಂದು ದಿನ ಸೋಯಾ ಕಾಳಿನ ಟೆಂಪೆ ಹೆಚ್ಚುತ್ತ ತಲೆಯೆತ್ತದೆ ಕೇಳಿದಳು:

"ಜಗಳ ಆಡಕ್ಕೆ ಯಾರಾದ್ರೂ ತಲೆ ಬಾಚ್ಕೊಂಡು ಬರ್ತಾರೇನ್ರೀ?"

ಹೋಗಿ ನೋಡಿದೆ. ಹತ್ತೂ ಆರಕ್ಕೆ ಗೋಡೆಯ ಈಚೆ ಪೊನಿರಾನ್, ತಲೆಗೆ ಎಣ್ಣೆ ಹಚ್ಚಿ ಕ್ರಾಪು ತೆಗೆದಿದ್ದರು. ಆಚೆ ಲೆಗಿಯೆಂ ಕಿವಿಯ ಹಿಂದೆ ಮಲ್ಲಿಗೆ ಸಿಕ್ಕಿಸಿಕೊಂಡು ಬೈಯುತ್ತಿದ್ದಳು. ಬೈಗುಳದ ನಡುವೆ ಗೋಡೆಯ ಮೇಲಿಂದ ಒಂದು ತಟ್ಟೆ ಸಂಡಿಗೆ ದಾಟಿತು.

ಹಾಗಾದರೆ ಇನ್ನೇನು! ಮದುವೆ ಮಾತಾಡಲೇ ಎಂದು ಪೊನಿರಾನರನ್ನು ಕೇಳಿದೆ. ಅವರು ಕೆಂಪು ದೀಪದ ಹಾಗೆ ಕೆಂಪಾಗಿ, "ನಿಮ್ಮಿಷ್ಟ, ಪಾಕ್ ಚಾರಿಕ್" ಎಂದರು. ಬಾಟಿಕ್ ಅಂಗಿ ತೊಡಿಸಿ ಲೆಗಿಯೆಂಳ ಅಣ್ಣ ಪಾಕ್ ಸಸ್ತ್ರೋ ಮನೆಗೆ ಕರೆದುಕೊಂಡು ಹೋದೆ. ಸಸ್ತ್ರೋ ಮುದುಕ ಬಟ್ಟೆಯಲ್ಲಿ ಸುತ್ತಿಟ್ಟ ಶಾಸ್ತ್ರದ ಪುಸ್ತಕ ಬಿಚ್ಚಿದ. ಅದು ಒಪ್ಪದೆ ಆ ಮನೆಯಲ್ಲಿ ಕೋಳಿಮರಿಗೂ ಜೋಡಿ ಸಿಗುವುದಿಲ್ಲ.

"ತಂಗಿದು ಹನ್ನೊಂದು. ನಿಮ್ದು?"

ಪೊನಿರಾನ್ ಬಾಯಿ ತೆರೆದು ಮುಚ್ಚಿದರು. ನಾನೇ ಬುದ್ಧಿವಂತನ ಹಾಗೆ ನಡುವೆ ಬಾಯಿ ಹಾಕಿದೆ. "ಹನ್ನೊಂದು! ಓಣಿಗೇ ಗೊತ್ತಲ್ಲ!"

"ಎರಡೂ ಕೂಡಿ ಇಪ್ಪತ್ತೆರಡು. ಎಂಟೆಂಟಾಗಿ ಕಳೆದ್ರೆ ಉಳಿದದ್ದು ಆರು. ಆರು ಅಂದ್ರೆ ಪಾದು. ಜಗಳ, ಸಾಯೋ ತನಕ ಜಗಳ." ಮುದುಕ ಪುಸ್ತಕ ಮುಚ್ಚಿದ. "ಇನ್ನೇನು ಸಾಕ್ಷಿ ಬೇಕ್ರೀ? ತಂತೀಲೇ ಬಡಿದಾಡ್ತಿದ್ದಾರೆ. ಆಗೋ ಮಾತಲ್ಲ, ಎದ್ದೇಳಿ."

ಮರುದಿನ ಹತ್ತೂ ಐದಕ್ಕೆ ಪೊನಿರಾನ್ ಕಂಪ್ಯೂಟರ್ ಹಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ಬಿದಿರಿನ ಗಂಟೆಯೂ ಮೊಳಗಲಿಲ್ಲ. ಬೈಗುಳವಿಲ್ಲದ ಓಣಿ ಬಿಕೋ ಎನ್ನುತ್ತಿತ್ತು. ಮೂರನೆಯ ದಿನ ಅವರು ಹುಟ್ಟಿದ ತಾರೀಕು ಇರುವ ಕುಟುಂಬಪತ್ರ ಹಿಡಿದು ನನ್ನ ಜಗಲಿಗೆ ಬಂದರು.

"ಪಾಕ್ ಚಾರಿಕ್, ನಾನು ಹುಟ್ಟಿದ ತಾರೀಕಿಗೆ ಯಾವ ದಿನ ಬರ್ತದೆ, ನೋಡಿ."

ಹಳೆಯ ಕ್ಯಾಲೆಂಡರ್ ಕೋಷ್ಟಕ ತೆಗೆದು ಬೆರಳು ಓಡಿಸಿದೆ. ಪೊನ್ ಸರಿ. ವಾರ ಮಾತ್ರ ಸೋಮವಾರವಲ್ಲ, ಶನಿವಾರ. ಒಂಬತ್ತು, ಏಳು, ಹದಿನಾರು.

"ಹದಿನಾರು ಖಾಲಿ ಬಿದ್ದಿತ್ತಲ್ರೀ! ಒಬ್ರೂ ತಗೊಂಡಿರ್ಲಿಲ್ಲ! ಹನ್ನೊಂದು ಯಾಕೆ ಹಾಕಿದ್ರಿ ಮಾರಾಯ್ರೇ?"

"ಒಂದೇ ನಂಬರ್ ಆದ್ರೆ ಒಬ್ರು ಇನ್ನೊಬ್ರನ್ನ ಕೇಳ್ಬೇಕಾಗ್ತದೆ ಅಂತ ಸಭೇಲಿ ರೆತ್ನೋ ಹೇಳಿದ್ಲು," ಎಂದರು, ನೆಲ ನೋಡುತ್ತ. "ಮನೇಲಿ ನನ್ನನ್ನ ಯಾರೂ ಏನೂ ಕೇಳದೆ ಒಂಬತ್ತು ವರ್ಷ ಆಗಿತ್ತು."

ನನಗೆ ನಗು ಬಂತು. ಬೆರಳಲ್ಲೇ ಎಣಿಸಿದೆ. ಹದಿನಾರು, ಹನ್ನೊಂದು, ಇಪ್ಪತ್ತೇಳು. ಎಂಟೆಂಟಾಗಿ ಕಳೆದರೆ ಮೂರು. ಮೂರೆಂದರೆ ಶಾಸ್ತ್ರದಲ್ಲಿ ಹೇಳಿ ಮಾಡಿಸಿದ ಜೋಡಿ. ಮಹಾನುಭಾವ ಸುಳ್ಳು ಹೇಳಿ ತನ್ನ ಮದುವೆಗೆ ತಾನೇ ಕಲ್ಲು ಹಾಕಿಕೊಂಡಿದ್ದ! ಈಗ ನಿಜ ಹೇಳಿದರೆ ಅಣ್ಣ ಒಪ್ಪುತ್ತಾನೆ, ಸರಿ. ಆದರೆ ಎಂಟು ತಿಂಗಳು ಬೇಕೆಂದೇ ತನ್ನ ಲೈನು ಕಡಿದವನನ್ನು ತಂಗಿ ಬಿಟ್ಟಾಳೆಯೇ? ಅವಳ ಮನೆಯಲ್ಲಿ ಕುದಿಯುವ ಎಣ್ಣೆ ಸದಾ ಸಿದ್ಧವಿರುತ್ತದೆ.

ಆದರೂ ಹೋದೆವು. ಸಸ್ತ್ರೋವನ್ನೂ ಕರೆಸಿದೆ. ಪೊನಿರಾನ್ ಟೋಪಿ ತೆಗೆದು ಲೆಗಿಯೆಂಳ ಅಡುಗೆಮನೆ ಬಾಗಿಲಲ್ಲಿ ನಿಂತು, ಅಪಘಾತದ ವರದಿ ಒಪ್ಪಿಸುವಂತೆ ಎಲ್ಲ ಹೇಳಿದರು. ಅವಳು ಜಾಲರಿ ಸೌಟು ಹಿಡಿದು ಕೇಳಿದಳು. ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಅಂದ್ರೆ ನೀವು ಶನಿವಾರ ಪೊನ್?"

"ಹೌದು, ಬು."

"ಎಂಟು ತಿಂಗಳು ಬೇಕಂತ್ಲೇ?"

"ಬೇಕಂತ್ಲೇ."

"ಬನ್ನಿ ಇಲ್ಲಿ."

ಅವಳು ಕಂಪ್ಯೂಟರ್ ಇದ್ದ ಮೂಲೆಗೆ ನಡೆದು, ಎಣ್ಣೆಗೈಯಲ್ಲೇ ಸೆಟ್ಟಿಂಗ್ ತೆರೆದಳು. ನಾಲ್ಕನೆಯ ಅಂಕಿ ನೂರ ಹನ್ನೊಂದು ಎಂದಿತ್ತು.

"ಮೂರನೇ ತಿಂಗಳಲ್ಲಿ ಒಂದು ಮದುವೆ ಮನೆ ಆರ್ಡರ್ ಕೈತಪ್ಪಿ ಹೋಯ್ತು. ಅವತ್ತೇ ರೆತ್ನೋನ ಕರೆಸಿ ಬದಲಾಯಿಸ್ಕೊಂಡೆ. ಅವಳ ಬಾಯಿಗೆ ಒಂದು ಡಬ್ಬಿ ಸಂಡಿಗೆ ಹಾಕಿ ಬೀಗ ಹಾಕ್ದೆ."

ಪೊನಿರಾನರ ಬೆರಳು ತಾನಾಗಿ ಎದ್ದು ಆ ನಂಬರಿನತ್ತ ಚಾಚಿತು. "ಹಾಗಾದ್ರೆ ಐದು ತಿಂಗಳಿಂದ ನಿಮ್ಮ ಲೈನು ಕಟ್ಟೇ ಆಗಿಲ್ವಾ? ನಾನು ಪರದೆ ನೋಡ್ದೆ ನಿಮ್ಮ ಗಂಟೆಗೇ ಕಾಯ್ತಿದ್ದೆ."

"ಒಂದ್ಸಲಾನೂ ಇಲ್ಲ."

"ಮತ್ತೆ ದಿನಾ ಹತ್ತೂ ಐದಕ್ಕೆ ಗಂಟೆ ಬಡಿದು ಬೈತಿದ್ರಲ್ಲ, ಯಾಕೆ?"

"ಬೈಯದಿದ್ರೆ ನೀವು ಗೋಡೆ ಹತ್ರ ಬರ್ತಿದ್ರಾ?" ಎಂದು ಅವಳು ಸೌಟಿನಿಂದಲೇ ಕಣ್ಣೊರೆಸಲು ಹೋಗಿ, ಎಣ್ಣೆ ಕಂಡು ಸೆರಗು ಹುಡುಕಿದಳು. "ಮೂರು ದಿನ! ಮೂರು ದಿನ ಮಲ್ಲಿಗೆ ಮುಡ್ಕೊಂಡು ಸುಮ್ನೆ ಕೂತಿದ್ದೀನಿ, ಗೊತ್ತಾ ನಿಮಗೆ?"

ಸಸ್ತ್ರೋ ಮುದುಕ ಅಷ್ಟರಲ್ಲಿ ಮೂರು ಸಲ ಎಣಿಸಿ ಮುಗಿಸಿದ್ದ. "ಇಪ್ಪತ್ತೇಳು! ಜೋಡಿ! ನಾನು ಅವತ್ತೇ ಅಂದ್ಕೊಂಡೆ," ಎಂದ. ಏನೂ ಅಂದುಕೊಂಡಿರಲಿಲ್ಲ, ಮುದುಕ.

ಓಣಿಯಿಂದ ಕೊಡಬೇಕಾದ ಮದುವೆಯ ಪತ್ರವನ್ನು ನಾನೇ ಬರೆದೆ. ಇಬ್ಬರ ನಡುವಿನ ಗೋಡೆಗೆ ಪೊನಿರಾನ್ ಒಂದು ಕಿಂಡಿ ಒಡೆದು, ಕೆಂಪು-ಬಿಳಿ ಬಣ್ಣ ಬಳಿದ ಬಿದಿರಿನ ಗೇಟು ಕೂರಿಸಿದ್ದಾರೆ. ಎತ್ತಿ ಇಳಿಸುವ ಅಧಿಕಾರ ಲೆಗಿಯೆಂಳದು. ಪೊನಿರಾನರ ಕಂಪ್ಯೂಟರಿಗೆ ರೆತ್ನೋ ಹದಿನಾರು ಹಾಕಿಕೊಟ್ಟಳು. ಲೈನು ಒಮ್ಮೆಯೂ ಕಡಿಯುವುದಿಲ್ಲ, ಆದರೂ ಹತ್ತೂ ಐದರ ಜಗಳ ನಿಂತಿಲ್ಲ.

ಕಳೆದ ಶನಿವಾರ ಬೆಳಿಗ್ಗೆ ಲೆಗಿಯೆಂ ನಮ್ಮ ಮನೆಗೆ ತಟ್ಟೆ ತಂದಿಟ್ಟಳು. ಕೆಂಪು-ಬಿಳಿ ಗಂಜಿ. "ಇವತ್ತು ಶುಕ್ರವಾರ ಅಲ್ವಲ್ಲ, ಬು?" ಎಂದೆ ನಾನು, ಬಾಯಿ ತಡೆಯದೆ.

"ನಂದಲ್ಲ ಪಾಕ್ ಚಾರಿಕ್, ನಮ್ಮನೆಯವರದ್ದು," ಎಂದಳು. "ಶನಿವಾರ ಪೊನ್. ಇನ್ನೂ ಮೂವತ್ತೊಂದು ಮನೆಗೆ ಕೊಡ್ಬೇಕು, ಬೇಗ ತಟ್ಟೆ ಖಾಲಿ ಮಾಡಿಕೊಡಿ."