ನಾಲ್ಕನೆಯ ಸೊಪ್ಪಿನ ಗುಪ್ಪೆ

ಕೊಳ್ಳೇಗಾಲದವನು ಎಂದರೆ ಸಾಕು, ಹೊರಗಿನವರು ಮಾಟ ಮಂತ್ರದ ಮಾತು ತೆಗೆದು ನಗುತ್ತಾರೆ. ನನಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಜೀವಮಾನವೆಲ್ಲ ವಕೀಲಿ ಮಾಡಿದವನು ನಾನು, ಸಾಕ್ಷಿ ಇಲ್ಲದ್ದನ್ನು ಒಪ್ಪಿದವನಲ್ಲ. ಈಗ ಹೇಳುವುದಕ್ಕೂ ಸಾಕ್ಷಿ ಇಲ್ಲ. ನೀವು ನಂಬಲೇಬೇಕೆಂಬ ಹಟವೂ ಇಲ್ಲ.

ನಮ್ಮ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ರಾಮಾಪುರದ ಆಚೆಯ ಕಾಡುದಾರಿಯಲ್ಲಿ ಒಂಟಿಯಾಗಿ ಹೋಗುತ್ತಿದ್ದ ಮೂವರನ್ನು ಬೇರೆ ಬೇರೆ ದಿನ ಕೊಂದನೆಂದು ಚಿಕ್ಕಮಾದ ಎಂಬ ಸೌದೆ ಗಾಡಿಯವನನ್ನು ಪೊಲೀಸರು ಹಿಡಿದರು. ಅವನ ಪರ ನಿಲ್ಲಲು ಯಾರೂ ಒಪ್ಪದಿದ್ದಾಗ ಕೋರ್ಟು ನನ್ನನ್ನು ನೇಮಿಸಿತು. ಅಂದಿನಿಂದ ಹೋಟೆಲಿನಲ್ಲಿ ನನ್ನ ಎದುರು ಕೂರುವವರಿಲ್ಲ. ಜೊತೆಯ ವಕೀಲರು ನನ್ನನ್ನು ಕಂಡರೆ ಪೇಪರಿನಲ್ಲಿ ಮುಖ ಮರೆಸಿಕೊಳ್ಳುತ್ತಿದ್ದರು. ಹೆಂಡತಿ ಕೂಡ ಊಟ ಬಡಿಸಿ ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದಳು. ಅಷ್ಟು ಒಂಟಿತನವನ್ನು ನಾನು ಮತ್ತೆಂದೂ ಅನುಭವಿಸಿಲ್ಲ.

ಹುಡುಕಿಕೊಂಡು ಬಂದು ಮಾತಾಡುತ್ತಿದ್ದವಳು ಒಬ್ಬಳೇ, ಬಂಡಳ್ಳಿಯ ಕೆಂಪಮ್ಮ. ಹಸು ಕೊಳ್ಳಲು ಅದೇ ದಾರಿಯಲ್ಲಿ ಹೋದ ಅವಳ ಗಂಡ ತಿರುಗಿ ಬಂದಿರಲಿಲ್ಲ. ಹೆಣ ಸಿಗದ್ದರಿಂದ ಅವನ ಹೆಸರು ಕೇಸಿನಲ್ಲಿರಲಿಲ್ಲ. "ಅವನ್ನ ಒಂದ್ ಮಾತ್ ಕೇಳಿ ಸಾ. ನಮ್ಮೆಜಮಾನ ಬದ್ಕವ್ನೋ ಇಲ್ವೋ, ಅಷ್ಟೇಯ," ಎನ್ನುತ್ತಿದ್ದಳು. ಕೇಳುತ್ತೇನೆ ಎನ್ನುತ್ತಿದ್ದೆ. ಕೇಳಲು ಬಾಯಿ ಬರುತ್ತಿರಲಿಲ್ಲ.

ದಾರಿಯಲ್ಲಿ ದುರ್ಮರಣವಾದ ಕಡೆ ಹೋಗಿಬರುವವರೆಲ್ಲ ಒಂದು ಹಿಡಿ ಹಸಿ ಸೊಪ್ಪು ಹಾಕಿ ಮುಂದೆ ಹೋಗುವುದು ಅಲ್ಲಿನ ಪದ್ಧತಿ; ಅದು ಬೆಳೆದು ಗುಪ್ಪೆಯಾಗುತ್ತದೆ. ಕೊಲೆಯಾದ ಜಾಗಗಳನ್ನು ನೋಡಲು ಒಂದು ಮಧ್ಯಾಹ್ನ ಹೋದೆ. ಜೊತೆಗೆ ಬಂದ ತಳವಾರ ಕಾಲಿಗೆ ಮುಳ್ಳು ಚುಚ್ಚಿಕೊಂಡು ಹಿಂದೆ ಕುಳಿತ. ನಾನು ಹೊಂಗೆ ಸೊಪ್ಪು ಮುರಿದುಕೊಂಡು, ನಂಬಿಕೆಯಿಂದಲ್ಲ, ಊರಿನವರ ರೂಢಿಗೆ ಬೆಲೆ ಕೊಟ್ಟು, ಗುಪ್ಪೆ ಕಂಡಲ್ಲೆಲ್ಲ ಹಾಕುತ್ತ ನಡೆದೆ. ಮೂರು ಗುಪ್ಪೆಗಳು ದಾರಿ ಬದಿಯಲ್ಲೇ ಇದ್ದವು. ನಾಲ್ಕನೆಯದು ದಾರಿ ಬಿಟ್ಟು ಕೆಳಗೆ, ಹಳ್ಳದ ಪಕ್ಕ, ಮತ್ತಿ ಮರದ ಕೆಳಗೆ. ಅದರ ಮೇಲಿನ ಸೊಪ್ಪು ಇನ್ನೂ ಬಾಡಿರಲಿಲ್ಲ.

ದಾರಿಗೆ ಹತ್ತಿ ಬಂದು, ಗುಪ್ಪೆ ಒಟ್ಟು ಎಷ್ಟು ಎಂದು ತಳವಾರನನ್ನು ಕೇಳಿದೆ. "ಮೂರೇ ಕಣ್ಸಾ," ಎಂದ. ಒಬ್ಬನೇ ಮತ್ತೆ ಹಳ್ಳಕ್ಕೆ ಇಳಿದೆ. ಮತ್ತಿ ಮರ ಇತ್ತು. ಕೆಳಗೆ ಬರಿ ನೆಲ. ಅದರ ಮೇಲೆ ನಾನು ಹಾಕಿದ ಹೊಂಗೆ ಸೊಪ್ಪು ಮಾತ್ರ ಬಿದ್ದಿತ್ತು. ಬಿಸಿಲು ತಲೆಗೇರಿದೆ ಎಂದುಕೊಂಡು ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಮರುದಿನ ಸಬ್ ಜೈಲಿಗೆ ಹೋದೆ. ಕೇಳಿದ್ದಕ್ಕೂ ಸರಿಯಾಗಿ ಬಾಯಿ ಬಿಡದ ಚಿಕ್ಕಮಾದ ಅಂದು ತಾನೇ ಮಾತು ತೆಗೆದ.

"ಅಳ್ಳದ್ ತಾವಿರಾದುಕ್ಕೂ ಸೊಪ್ಪಾಕ್ಬುಟ್ರಲ್ಲ ಸಾ. ಅದ್ಕೆ ಯಾರೂ ಆಕಿರ್ನಿಲ್ಲ."

ನಿನಗೆ ಯಾರು ಹೇಳಿದರು ಎಂದೆ. ಗೋಡೆಯ ಕಡೆ ತಿರುಗಿ ಕುಳಿತುಬಿಟ್ಟ.

ಕಕ್ಷಿಗಾರ ನಮಗೆ ಹೇಳಿದ್ದನ್ನು ಹೊರಗೆ ಆಡುವಂತಿಲ್ಲ. ಆ ಮರದ ಬುಡ ಅಗೆಯಿರಿ ಎಂದು ಪೊಲೀಸರಿಗೆ ಹೇಳಿದ್ದರೆ ಅವನ ಕುತ್ತಿಗೆಗೆ ನಾನೇ ಹಗ್ಗ ಹಾಕಿದಂತಾಗುತ್ತಿತ್ತು. ಅಷ್ಟಕ್ಕೂ ಏನೆಂದು ಹೇಳಲಿ, ಇಲ್ಲದ ಗುಪ್ಪೆಯನ್ನು ಕಂಡೆನೆಂದೇ? ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. ಅವನಿಗೆ ಬಿಡುಗಡೆಯಾಯಿತು. ನನಗೆ ಕೈ ಮುಗಿದು ಹೋದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ತೀರ್ಪಿನ ದಿನ ಸಂಜೆ ಕೆಂಪಮ್ಮ ಕೋರ್ಟಿನ ಹೊರಗೆ ಕಾದಿದ್ದಳು.

"ಕೇಳುದ್ರಾ ಸಾ? ನಾ ಕುಂಕ್ಮ ಇಕ್ಕದೋ ಅಳಿಸದೋ, ಒಂದ್ ಮಾತೇಳ್ಬುಡಿ."

"ನನಗೆ ಗೊತ್ತಿಲ್ಲಮ್ಮ," ಎಂದೆ.

ಅವಳು ಬೆವರಿಗೆ ಹರಡಿದ್ದ ಕುಂಕುಮವನ್ನು ಸೆರಗಿನ ತುದಿಯಿಂದ ದುಂಡಗೆ ಸರಿಮಾಡಿಕೊಂಡು ಬಸ್ಸಿನ ಕಡೆ ಹೋದಳು. ನಾನು ಅವಳಿಗೆ ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಿಲ್ಲ.