ಚಾಲಕನ ಮುಖ

ನಾನು ನಿಂತಿದ್ದು ಉರ್ವ ಮಾರುಕಟ್ಟೆಯ ಎದುರು, ಬಸ್ ಸ್ಟಾಪಿನ ಕಂಬದಿಂದ ಮೂರು ಹೆಜ್ಜೆ ಉತ್ತರಕ್ಕೆ. ಬುಧವಾರ, ಬೆಳಿಗ್ಗೆ ಎಂಟೂಕಾಲು. ಸಿಟಿ ಬಸ್ಸೊಂದು ಸ್ಕೂಟರಿಗೆ ಬಡಿಯಿತು. ಸ್ಕೂಟರಿನಲ್ಲಿದ್ದ ನರ್ಸ್ ಒಂದು ಕಾಲು ಕಳೆದುಕೊಂಡರು. ಬಸ್ಸು ತಟ್ಟನೆ ಎಡಕ್ಕೆ ಹೊರಳಿದ್ದನ್ನು ಕಣ್ಣಾರೆ ಕಂಡೆ ಎಂದು ಎಂಟನೆಯ ದಿನ ಪೊಲೀಸರಿಗೆ ಹೇಳಿಕೆ ಕೊಟ್ಟೆ. ಚಾಲಕನ ಮೇಲಿನ ಕೇಸು ನಿಂತಿರುವುದೇ ಆ ಮಾತಿನ ಮೇಲೆ.

ಆ ದಿನಗಳಲ್ಲಿ ನಾನು ಒಂದು ಸಂಶೋಧನೆಗೆ ದನಿ ಕೊಡುತ್ತಿದ್ದೆ. ನೆನಪು ಮತ್ತು ಭಾಷೆಯ ಕುರಿತು ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿಕೊಂಡಿದ್ದಳು. ದಿನದ ಒಂದು ಘಟನೆಯನ್ನು ಅಂದೇ ಸಂಜೆ ಮನೆಮಾತು ತುಳುವಿನಲ್ಲಿ ಫೋನಿಗೆ ಹೇಳಬೇಕು, ವಾರ ಕಳೆದು ಅದನ್ನೇ ಕನ್ನಡದಲ್ಲಿ. ಮೊದಲಿನದನ್ನು ಮರಳಿ ಕೇಳುವಂತಿಲ್ಲ.

ಮರುವರ್ಷ ಸುರತ್ಕಲ್‌ನ ಸಭಾಂಗಣವೊಂದರಲ್ಲಿ ಅವಳ ಉಪನ್ಯಾಸ. ಸಾಲಿನ ನಟ್ಟನಡುವೆ ಕುಳಿತಿದ್ದೆ. ಪರದೆಯ ಮೇಲಿನ ಮೆದುಳಿನ ಚಿತ್ರ ಸರಿದು ಎರಡು ಧ್ವನಿ ತುಣುಕುಗಳು ಬಂದವು. ದನಿ ಬದಲಿಸಿದ್ದರೂ ಅದು ನನ್ನದೇ, ಆ ಬುಧವಾರದ ಅಪಘಾತದ್ದು. ಚಪ್ಪಲಿಯ ಬಾರು ಸರಿಮಾಡುತ್ತಿದ್ದೆ, ಶಬ್ದವಾಯಿತು, "ತಿರ್ಗ್‌ದ್ ತೂಯೆ" ಎಂದಿದ್ದೆ ತುಳುವಿನಲ್ಲಿ. ತಿರುಗಿ ನೋಡಿದಾಗ ಸ್ಕೂಟರ್ ಆಗಲೇ ಬಿದ್ದಿತ್ತು. ಕನ್ನಡದಲ್ಲಿ ಮಾತ್ರ ಬಸ್ಸು ಹೊರಳುತ್ತದೆ, ಚಾಲಕನ ಅಲಕ್ಷ್ಯದ ಮುಖವೂ ಕಾಣುತ್ತದೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ನಡುವೆ ಖಾಲಿ ಇದ್ದ ಜಾಗವನ್ನು ತುಂಬಿಸಿಬಿಟ್ಟಿದ್ದೆ. ಸಭೆ ಮೆಲ್ಲಗೆ ನಕ್ಕಿತು. ಎದ್ದು ಹೋಗೋಣವೆಂದರೆ ಎರಡೂ ಕಡೆ ಜನರ ಮೊಣಕಾಲುಗಳು ಅಡ್ಡ. ಉಳಿದ ನಲವತ್ತು ನಿಮಿಷ ಕೈಕಟ್ಟಿ ಕುಳಿತೆ.

ಮುಗಿದ ಮೇಲೆ ಅವಳನ್ನು ಕೇಳಿದೆ, ಎರಡರಲ್ಲಿ ನಿಜ ಯಾವುದು ಎಂದು.

"ನಿಜ ಯಾವುದು ಅಂತ ನಮಗೆ ಗೊತ್ತಾಗುದಿಲ್ಲ ಸರ್. ವ್ಯತ್ಯಾಸ ಎಷ್ಟು ಉಂಟು ಅಂತ ಮಾತ್ರ ನೋಡ್ತೇವೆ."

ಮರುದಿನ ಸರಕಾರಿ ವಕೀಲರಲ್ಲಿಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ಮಾಸ್ಟ್ರೇ, ಈಗ ಮಾತು ಬದಲಿಸಿದ್ರೆ ಡ್ರೈವರ್ ನಿಮ್ಮ ತಲೆ ತಿರುಗಿಸಿದ ಅಂತ ಹೇಳ್ತಾರೆ. ಆ ನರ್ಸಿಗೆ ಸಾಕ್ಷಿ ಅಂತ ನೀವೊಬ್ರೇ ಇರುದಲ್ವಾ ಮಾರಾಯ್ರೆ?"

ಮಾತನಾಡಿದರೆ ಆಕೆಗೆ ಅನ್ಯಾಯ, ಸುಮ್ಮನಿದ್ದರೆ ಅವನಿಗೆ. ಇನ್ನೂ ಕಷ್ಟವೆಂದರೆ, ಕಣ್ಣು ಮುಚ್ಚಿದರೆ ಈಗಲೂ ಆ ಮುಖ ಸ್ಪಷ್ಟವಾಗಿ ಬರುತ್ತದೆ. ಅದು ನಾನು ಕಂಡದ್ದಲ್ಲ ಎಂದು ಗೊತ್ತಿದ್ದೂ ಅಳಿಸಲಾಗುವುದಿಲ್ಲ.

ಸೋಮವಾರ ಸಾಕ್ಷಿಕಟ್ಟೆ ಹತ್ತಬೇಕು. ಶಬ್ದದ ಮೊದಲು ನಾನು ಏನನ್ನೂ ಕಂಡಿಲ್ಲ ಎಂದು ಬರೆದು ಸಹಿ ಮಾಡಿಟ್ಟಿದ್ದೇನೆ. ಮಾಸ್ಟ್ರ ಹೇಳಿಕೆಯೇ ಸಾಕೆಂದು ಪೊಲೀಸರು ಆಗ ಬೇರೆ ಯಾರನ್ನೂ ಕೇಳಿರಲಿಲ್ಲ. ರಸ್ತೆಗೆ ಮುಖಮಾಡಿ ನಿಂತಿದ್ದವರು ಮೂವರು. ದೇರೆಬೈಲಿನ ಟೈಲರ್ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಬದುಕಿರುವ ಇಬ್ಬರನ್ನು ವಿಚಾರಿಸಿ ಎಂದು ಆ ಕಾಗದದ ಕೆಳಗೇ ಬರೆದಿದ್ದೇನೆ: ಮಾರುಕಟ್ಟೆಯ ಬಾಗಿಲಲ್ಲಿ ಮಲ್ಲಿಗೆ ಮಾರುವ ಹೆಂಗಸು, ಮತ್ತು ಎದುರಿನ ಪಾತ್ರೆ ಅಂಗಡಿಯ ಬ್ಯಾರಿ ಯಜಮಾನರು. ಯಜಮಾನರು ಈಗ ಮಗನ ಜೊತೆ ದುಬೈಯಲ್ಲಿದ್ದಾರೆ.